ಸಾದಾ ಗಂಟು

ಸೋಮವಾರ ಬೆಳಿಗ್ಗೆ ಲ್ಯಾಬಿಗೆ ಬಂದ ಸುಮಂಗಲಾಳಿಗೆ ಮೊದಲು ಮಾಡಬೇಕಾದ ಕೆಲಸ ಯಾವುದೆಂದು ಚೆನ್ನಾಗಿ ಗೊತ್ತಿತ್ತು. ಆದ್ದರಿಂದಲೇ ಅವಳು ಮೇಜು ಒರೆಸತೊಡಗಿದಳು. ಮೇಜನ್ನು ಲ್ಯಾಬಿನ ಸಹಾಯಕ ಅಸ್ಲಮ ಆಗಲೇ ಒರೆಸಿಟ್ಟಿದ್ದ. ಆಮೇಲೆ ಸೂಕ್ಷ್ಮದರ್ಶಕದ ಗಾಜು ಒರೆಸಿದಳು. ಅದೂ ಮುಗಿದ ಮೇಲೆ ಕಿಟಕಿಯಿಂದ ಹೊರಗೆ ನೋಡಿದಳು. ಗಂಗಾವತಿಯ ಆ ಇಕ್ಕಟ್ಟು ರಸ್ತೆಯಲ್ಲಿ ಭತ್ತದ ಚೀಲ ಹೇರಿದ ಲಾರಿಯೊಂದು ಹಿಂದಕ್ಕೆ ಸರಿಯುತ್ತ ಹಣ್ಣಿನ ಬಂಡಿಯೊಂದರ ಮೈಮೇಲೆ ಬರುತ್ತಿತ್ತು. ಬಂಡಿಯವನೂ ಲಾರಿಯವನೂ ಒಬ್ಬರ ವಂಶವನ್ನೊಬ್ಬರು ಎತ್ತಿ ಬೈಯುತ್ತಿದ್ದ ರೀತಿಯಲ್ಲಿ ಒಂದು ಆರೋಗ್ಯವಿತ್ತು. ಅವಳ ಬೆನ್ನ ಹಿಂದೆ, ಟ್ರೇಯಲ್ಲಿ, ದೊಡ್ಡಪ್ಪ ಓಬಳೆಪ್ಪನ ಶ್ವಾಸಕೋಶದಿಂದ ಸೂಜಿಯಲ್ಲಿ ಎಳೆದು ಗಾಜಿನ ಮೇಲೆ ಸವರಿದ ಸ್ಲೈಡುಗಳಿದ್ದವು. ಅವುಗಳಲ್ಲಿ ಒಂದನ್ನು ಮಾತ್ರ ಅವಳು ಶುಕ್ರವಾರ ಸಂಜೆ ನೋಡಿದ್ದಳು. ಒಂದನ್ನೇ ನೋಡಿ ಬಾಯಿ ಬಿಟ್ಟಿದ್ದಳು. ಬಾಯಿ ಬಿಟ್ಟಿದ್ದಳು ಎನ್ನುವುದೂ ಪೂರ್ತಿ ಸರಿಯಲ್ಲ. ಬಾಯಿ ಬಿಡಲೇಬೇಕಾದ ಜಾಗದಲ್ಲಿ ಮುಚ್ಚಿಕೊಂಡಿದ್ದಳು. ಶನಿವಾರ ಜ್ವರದವರ ರಕ್ತದ ಸ್ಯಾಂಪಲ್ಲುಗಳು ರಾಶಿ ಬಿದ್ದಿದ್ದವು, ಭಾನುವಾರ ಲ್ಯಾಬಿಗೆ ರಜೆ. ಆದರೆ ಶನಿವಾರ ಮಧ್ಯಾಹ್ನ ಅವಳಿಗೆ ಪುರುಸೊತ್ತಿತ್ತು. ಆ ಪುರುಸೊತ್ತಿನಲ್ಲಿ ಅವಳು ಚಹಾ ಕುಡಿದು, ಅಸ್ಲಮನ ತಂಗಿಯ ಮದುವೆಯ ವಿಚಾರ ಮೂರನೆಯ ಸಲ ಕೇಳಿ ತಿಳಿದುಕೊಂಡಿದ್ದಳು.

ದೊಡ್ಡಪ್ಪನಿಗೆ ಆಗಬೇಕಾಗಿದ್ದುದು ಹರ್ನಿಯಾದ ಆಪರೇಷನ್. ಅದಕ್ಕಿಂತ ಮುಂಚೆ ವಾಡಿಕೆಯಂತೆ ಎದೆಯ ಫೋಟೊ ತೆಗೆಸಿದರು. ಅದರಲ್ಲಿ, ಬಲಗಡೆ, ದುಂಡನೆಯ ಒಂದು ಚುಕ್ಕೆ ಬಿತ್ತು. ದೊಡ್ಡಪ್ಪನಿಗೆ ಕೆಮ್ಮಿರಲಿಲ್ಲ, ದಮ್ಮಿರಲಿಲ್ಲ. ಬಸ್ಸಿನ ಕಂಡಕ್ಟರನಾಗಿದ್ದು ನಿವೃತ್ತನಾದ ಅವನ ಧ್ವನಿ ಈಗಲೂ ಹನುಮಸಾಗರದ ಓಣಿಯ ಈ ತುದಿಯಿಂದ ಆ ತುದಿಗೆ ಮುಟ್ಟುತ್ತಿತ್ತು. ಗಂಗಾವತಿಯಲ್ಲಿ ಸ್ಕ್ಯಾನ್ ಮಾಡಿಸಿ ಅಲ್ಲೇ ಸೂಜಿ ಹಾಕಿಸೋಣ, ಮಗಳ ಲ್ಯಾಬು ಸ್ಕ್ಯಾನ್ ಸೆಂಟರಿನ ಕೆಳಗೇ ಇದೆ ಎಂದು ಹಟ ಹಿಡಿದವಳು ಸುಮಂಗಲಾಳ ತಾಯಿ ಕನಕಮ್ಮ. ತಾಯಿಯ ಹಟಕ್ಕೆ ಕಾರಣ ಚುಕ್ಕೆಯಲ್ಲ. ಊರಿನಲ್ಲಿ ಸುಮಂಗಲಾ ಡಾಕ್ಟರೋ ಅಲ್ಲವೋ ಎಂಬ ಪ್ರಶ್ನೆ ಇನ್ನೂ ಇತ್ಯರ್ಥವಾಗಿರಲಿಲ್ಲ. ಕೂಲಿಯವರ ಮನೆಯ ಹುಡುಗಿ ಓದಿ ಡಾಕ್ಟರಾದಳು ಎಂದು ಮೊದಲು ಊರೆಲ್ಲ ಪೇಢೆ ತಿಂದಿತ್ತು. ಆಮೇಲೆ ಹಬ್ಬಕ್ಕೆ ಬಂದಾಗ ಒಬ್ಬರು ಮೊಣಕಾಲು ತೋರಿಸಿದರು, ಒಬ್ಬರು ನಾಲಗೆ ಚಾಚಿದರು, ಇದನ್ನು ಬೇರೆ ಡಾಕ್ಟರಿಗೆ ತೋರಿಸಬೇಕು ಎಂದು ಅವಳು ಎಲ್ಲರಿಗೂ ಹೇಳಿದಳು. ಎಲ್ಲ ರೋಗಕ್ಕೂ ಬೇರೆ ಡಾಕ್ಟರನ್ನೇ ತೋರಿಸುವವಳು ಎಂಥ ಡಾಕ್ಟರು? ಪೂರ್ತಿ ಪಾಸಾಗಿಲ್ಲ ಎಂದು ಕೆಲವರು, ಪಾಸಾಗಿದ್ದಾಳೆ ಆದರೆ ಅರ್ಧ ಎಂದು ಕೆಲವರು. ಕನಕಮ್ಮ ತನಗೆ ತಿಳಿದಷ್ಟು ವಾದಿಸುತ್ತಿದ್ದಳು: ನಮ್ಮಾಕಿ ದುರ್ಬೀನಿನಾಗ ನೋಡೋ ಡಾಕ್ಟರು. ಹಾಗಾದರೆ ಕಣ್ಣಿನ ಡಾಕ್ಟರೇನು ಎಂದು ಕೇಳುತ್ತಿದ್ದರು.

ಶುಕ್ರವಾರ ಸಂಜೆ ಸೂಜಿ ಹಾಕಿಸಿಕೊಂಡು ದೊಡ್ಡಪ್ಪ ಕೌಂಟರಿಗೆ ಬಂದಾಗ ಅವಳು ಅಲ್ಲೇ ನಿಂತಿದ್ದಳು, ಬಿಳಿ ಕೋಟು ಹಾಕಿಕೊಂಡು. ದೊಡ್ಡಪ್ಪ ಅವಳ ಹೆಗಲ ಮೇಲಿಂದ ಅಸ್ಲಮನನ್ನು ನೋಡಿ ದೊಡ್ಡ ಡಾಕ್ಟರು ಎಷ್ಟೊತ್ತಿಗೆ ಬರುತ್ತಾರೆ ಎಂದು ಕೇಳಿದ. ಅಸ್ಲಮ ಅವಳ ಕಡೆ ಕೈ ಮಾಡಿದ. ಇಕಿ ನಮ್ಮ ಹುಡುಗಿ, ಇಕಿ ಗೊತ್ತೈತಿ, ನಾ ಕೇಳಿದ್ದು ಡಾಕ್ಟರನ್ನ ಎಂದು ದೊಡ್ಡಪ್ಪ ನಕ್ಕ. ಬೆಂಚಿನ ಮೇಲೆ ಮೂತ್ರದ ಡಬ್ಬಿ ಹಿಡಿದು ಕೂತಿದ್ದವರೂ ನಕ್ಕರು. ಅವಳು ಒಳಗೆ ಹೋಗಿ, ಇನ್ನೂ ತೇವ ಆರಿತೋ ಇಲ್ಲವೋ ಎನ್ನುವಂತಿದ್ದ ಮೊದಲ ಸ್ಲೈಡನ್ನು ಇಟ್ಟು ನೋಡಿದಳು. ಗುಂಪುಗುಂಪಾಗಿ ಕೋಶಗಳು, ಕೆಲವುಗಳ ಕೇಂದ್ರ ತುಸು ದೊಡ್ಡದು, ತುಸು ಕಪ್ಪು, ಅವುಗಳ ಸುತ್ತ ನೇರಳೆ ಛಾಯೆಯ ಲೋಳೆಯಂಥದು. ಲೋಳೆ ಸುರಿಸುತ್ತ ಬೆಳೆಯುವ ಒಂದು ಜಾತಿಯ ಕ್ಯಾನ್ಸರ್ ಉಂಟು. ಅವಳ ಎದೆ ಡವಗುಟ್ಟಿತು. ಅದು ಹೆದರಿಕೆಯ ಡವಗುಟ್ಟುವಿಕೆ ಎಂದು ಅವಳು ಆಗ ತಿಳಿದುಕೊಂಡಳು. ಹೊರಗೆ ಬಂದು, ಸ್ವಲ್ಪ ಸಂಶಯ ಐತ್ರಿ ದೊಡ್ಡಪ್ಪ, ಉಳಿದವನ್ನೂ ನೋಡಬೇಕು ಎಂದಳು. ಕ್ಯಾನ್ಸರೇನು ಎಂದು ಅವನು ಕೇಳಿದ. ಅಲ್ಲ ಅನ್ನಬಹುದಿತ್ತು, ಗೊತ್ತಿಲ್ಲ ಅನ್ನುವುದು ಇನ್ನೂ ನಿಜವಾಗಿತ್ತು. ಅವಳು ಸುಮ್ಮನಿದ್ದಳು. ದೊಡ್ಡಪ್ಪ ಹೆಗಲ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಯಾರ ಮುಂದೆ ಯಾವಾಗ ಟವೆಲು ತೆಗೆಯಬೇಕೆಂಬುದು ಅವನಿಗೆ ರಕ್ತಗತವಾಗಿತ್ತು, ಅದನ್ನು ಅವನು ಎಂದೂ ಅವಳ ಮುಂದೆ ತೆಗೆದಿರಲಿಲ್ಲ.

"ಡಾಕ್ಟರಮ್ಮಾರ," ಎಂದ, "ಇದ್ದದ್ದ ಹೇಳ್ರಿ. ನಾ ಹೆದರಾವಲ್ಲ."

ಆ ‘ಹೇಳ್ರಿ’ ಎರಡು ದಿನ ಅವಳ ಕಿವಿಯಲ್ಲಿ ಇತ್ತು. ಭಾನುವಾರ ಬಟ್ಟೆ ಒಗೆಯುವಾಗ ಇತ್ತು, ಗಂಡ ಸುಭಾಷ್ ಪಲ್ಯಕ್ಕೆ ಉಪ್ಪು ಕಡಿಮೆ ಎಂದಾಗಲೂ ಇತ್ತು. ಅದನ್ನು ಕಳೆದುಕೊಳ್ಳಲು ಮನಸ್ಸಿಲ್ಲದ್ದರಿಂದಲೇ ಅವಳು ಸ್ಲೈಡು ನೋಡುವುದನ್ನು ಬಿಟ್ಟು ಮೇಜು ಒರೆಸುತ್ತಿದ್ದಾಳೆಂಬುದು ಸೋಮವಾರ ಬೆಳಿಗ್ಗೆ ಅವಳಿಗೆ ಹೊಳೆದದ್ದು, ಒರೆಸುವುದಕ್ಕೆ ಇನ್ನೇನೂ ಉಳಿಯದಿದ್ದಾಗ.

ಎರಡನೆಯ ಸ್ಲೈಡು ಇಟ್ಟಳು. ಅದೇ ಲೋಳೆ, ಆದರೆ ಈ ಸ್ಲೈಡಿಗೆ ಹಾಕಿದ ಬೇರೆ ಬಣ್ಣದಲ್ಲಿ ಅದಕ್ಕೆ ಎಳೆಗಳಿದ್ದವು. ಲೋಳೆ ಹರಿಯುತ್ತದೆ, ಇದು ಹರಿದಿರಲಿಲ್ಲ, ತುಂಡುತುಂಡಾಗಿ, ಅಂಚು ಹರಿದ ರೇಷ್ಮೆಯ ಹಾಗೆ, ಕಡು ಕೆನ್ನೇರಳೆ ಬಣ್ಣದಲ್ಲಿ ನಿಂತಿತ್ತು. ತುಂಡುಗಳೊಳಗೆ ಪುಟ್ಟ ಗೂಡುಗಳು, ಗೂಡಿಗೊಂದರಂತೆ ಸಂಭಾವಿತವಾಗಿ ಕೂತ ಕೋಶಗಳು. ಮೂಗಿನ ತುದಿಯಲ್ಲಿ, ಕಿವಿಯ ಮೇಲ್ಭಾಗದಲ್ಲಿ ಇರುವಂಥ ಮೆತ್ತನೆಯ ಎಲುಬು ಅದು. ಅವಳು ಸ್ಲೈಡನ್ನು ಅಂಚಿಗೆ ಸರಿಸಿದಳು. ಅಲ್ಲಿ ಕೊಬ್ಬಿನ ಕೋಶಗಳು, ಖಾಲಿ ಗುಳ್ಳೆಗಳ ಹಾಗೆ ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ಶುಕ್ರವಾರ ಅವಳನ್ನು ಹೆದರಿಸಿದ ಆ ದೊಡ್ಡ ತಲೆಯ ಕೋಶಗಳೂ ಇದ್ದವು. ಈಗ ಇವೆಲ್ಲವುಗಳ ನಡುವೆ ನೋಡಿದರೆ ಅವು ಉಸಿರಿನ ಕೊಳವೆಯ ಒಳಮೈಯ ಸಾಧಾರಣ ಕೋಶಗಳು, ಗಂಟಿನ ಒತ್ತಡಕ್ಕೆ ಸಿಕ್ಕು ತುಸು ಊದಿಕೊಂಡಂಥವು, ಮದುವೆಮನೆಯ ನೂಕುನುಗ್ಗಲಿನಲ್ಲಿ ಮುಖ ಕೆಂಪಗಾದ ಗೃಹಸ್ಥರ ಹಾಗೆ. ಕ್ಯಾನ್ಸರ್ ಅಲ್ಲ. ಪುಸ್ತಕದಲ್ಲಿ ಹ್ಯಾಮಾರ್ಟೋಮಾ ಎನ್ನುವ, ಯಾರನ್ನೂ ಕೊಲ್ಲದ, ಎಷ್ಟೋ ಜನ ಇದೆಯೆಂದು ಗೊತ್ತಾಗದೆಯೇ ಮುದುಕರಾಗಿ ಬೇರೆ ಯಾವುದಕ್ಕೋ ಸಾಯುವ ಗಂಟು. ಸುಮಂಗಲಾ ಕುರ್ಚಿಯ ಹಿಂಬದಿಗೆ ಒರಗಿದಳು. ಮೊಟ್ಟಮೊದಲು ಅವಳಿಗೆ ಆದದ್ದು ನಿರಾಶೆ. ಅದು ಆದ ಕೂಡಲೇ ಅದನ್ನು ಅವಳು ಕಂಡುಹಿಡಿದಳು, ಕಂಡುಹಿಡಿಯುವುದೇ ಅವಳ ಕಸುಬಾಗಿತ್ತು. ನಿರಾಶೆಯೇ ಹೌದು, ಬೇರೆ ಏನೂ ಅಲ್ಲ, ಅದರ ಅಂಚುಗಳು ಸ್ಪಷ್ಟವಾಗಿದ್ದವು. ಆಮೇಲೆ ಬಂದ ಸಂತೋಷವನ್ನು ಅವಳು ನಂಬಲಿಲ್ಲ.

ಹುಬ್ಬಳ್ಳಿಯಲ್ಲಿದ್ದ ತನ್ನ ಹಳೆಯ ಪ್ರೊಫೆಸರರಿಗೆ ಸೂಕ್ಷ್ಮದರ್ಶಕದ ಮೇಲೆ ಮೊಬೈಲು ಹಿಡಿದು ತೆಗೆದ ಚಿತ್ರಗಳನ್ನು ಕಳಿಸಿ ಫೋನು ಮಾಡಿದಳು. ಅವರು ನೋಡಿ ನಕ್ಕರು. ಈ ಗಂಟು ಬಹಳ ಜನರ ಕಣ್ಣು ಕಟ್ಟಿದೆ, ನಿನ್ನದೇನೂ ವಿಶೇಷವಿಲ್ಲ, ಸ್ಲೈಡು ಕಳಿಸು, ಆರು ತಿಂಗಳಿಗೆ ಇನ್ನೊಂದು ಸ್ಕ್ಯಾನು ಮಾಡಿಸು ಎಂದರು. ಹ್ಯಾಮಾರ್ಟೋಮಾ ಎಂಬ ಮಾತಿನ ಮೂಲದಲ್ಲೇ ಗುರಿ ತಪ್ಪಿದ್ದು ಎಂಬ ಅರ್ಥ ಇದೆ, ಕ್ಲಾಸಿನಲ್ಲಿ ಹೇಳಿದ್ದೆ, ನೀನು ಮುಂದಿನ ಬೆಂಚಿನಲ್ಲೇ ಕೂಡುತ್ತಿದ್ದೆಯಲ್ಲ ಎಂದೂ ಸೇರಿಸಿದರು. ಆಮೇಲೆ ಹಗುರವಾಗಿ, ಪೇಷಂಟಿಗೆ ಇನ್ನೂ ಏನೂ ಹೇಳಿಲ್ಲ ತಾನೇ ಎಂದರು. ಇಲ್ಲ ಸರ್ ಎಂದಳು ಸುಮಂಗಲಾ. ಹೇಳಿಲ್ಲ ಎಂಬುದು ನಿಜವೇ ಆಗಿತ್ತು. ದೊಡ್ಡಪ್ಪನ ಮೊಬೈಲಿಗೆ ಫೋನು ಮಾಡಿದರೆ ದೊಡ್ಡಮ್ಮ ಮುದಕಮ್ಮ ಎತ್ತಿದಳು. ಹಿಂದೆ ಜಾತ್ರೆಯಷ್ಟು ಗದ್ದಲ. ಮಂದಿ ಬಂದಾರವ್ವ, ದೊಡ್ಡಪ್ಪ ಮಾತಾಡಾಕತ್ಯಾನ, ಆಮ್ಯಾಗ ಮಾಡು ಎಂದು ಇಟ್ಟುಬಿಟ್ಟಳು. ಮತ್ತೆ ಮಾಡಿದರೆ ಎತ್ತಲಿಲ್ಲ. ಅಸ್ಲಮನಿಗೆ ಹೇಳಿ ಸುಮಂಗಲಾ ಊರಿಗೆ ಹೋಗಲು ಕುಷ್ಟಗಿಯ ಬಸ್ಸು ಹತ್ತಿದಳು.

ಕನಕಗಿರಿ ದಾಟುವವರೆಗೆ ಅವಳು ಹೇಳಬೇಕಾದ ವಾಕ್ಯವನ್ನು ಜೋಡಿಸುತ್ತಿದ್ದಳು. ಒಳ್ಳೆಯ ಸುದ್ದಿಯನ್ನು ಹೇಳುವುದಕ್ಕೆ ಇಷ್ಟು ತಯಾರಿ ಬೇಕಾಗುತ್ತದೆಂದು ಯಾವ ಕ್ಲಾಸಿನಲ್ಲೂ ಯಾರೂ ಹೇಳಿರಲಿಲ್ಲ. ಕಂಡಕ್ಟರ್ ಹುಡುಗಿಯೊಬ್ಬಳು ಟಿಕೆಟ್ ಟಿಕೆಟ್ ಎನ್ನುತ್ತ ಬಂದಳು. ಟಿಕೆಟ್ಟು ತೆಗೆದುಕೊಂಡ ಸುಮಂಗಲಾ ಅದನ್ನು ಎರಡು ಸಲ ನೋಡಿ ಮುಷ್ಟಿಯಲ್ಲಿ ಹಿಡಿದುಕೊಂಡಳು. ಪಿಯುಸಿಯಲ್ಲಿ ಕುಷ್ಟಗಿಯ ಕಾಲೇಜಿಗೆ ಹೋಗುತ್ತಿದ್ದಾಗ ಒಂದು ದಿನ ಪಾಸು ಬೇರೆ ಪುಸ್ತಕದಲ್ಲಿ ಉಳಿದುಬಿಟ್ಟಿತ್ತು, ಆ ದಿನ ಬಸ್ಸಿನಲ್ಲಿ ದೊಡ್ಡಪ್ಪನದೇ ಡ್ಯೂಟಿ. ಅವಳು ನಕ್ಕಳು. ದೊಡ್ಡಪ್ಪ ನಗಲಿಲ್ಲ, ಪಾಸು ತೋರಿಸು ಎಂದ. ಕಾನೂನಿಗೆ ತಮ್ಮನ ಮಗಳು ಅಂತ ಇಲ್ಲ, ಅಣ್ಣನ ಮಗಳು ಅಂತ ಇಲ್ಲ ಎಂದು ಬಸ್ಸಿಗೆಲ್ಲ ಕೇಳುವ ಹಾಗೆ ಹೇಳಿ, ಸಜ್ಜೆಯ ಹೊಲಗಳ ನಡುವಿನ ಒಂದು ಕ್ರಾಸಿನಲ್ಲಿ ಸೀಟಿ ಊದಿ ಇಳಿಸಿದ. ಹಿಂದಿನ ಸೀಟಿನ ಹುಡುಗರು ಕಿಟಕಿಯಿಂದ ಕೈ ಬೀಸಿದರು. ಸಂಜೆ ದೊಡ್ಡಪ್ಪ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಮನೆಗೆ ಬಂದು ಅದನ್ನೇ ತನ್ನ ಪ್ರಾಮಾಣಿಕತೆಯ ಕತೆಯಾಗಿ ಅಪ್ಪನಿಗೆ ಹೇಳಿದ. ಅಪ್ಪ ತಲೆದೂಗಿದ, ಅವ್ವ ನಕ್ಕಳು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಮಿರ್ಚಿ ಬಿಸಿಯಾಗಿತ್ತು, ಅವಳು ತಿಂದಿದ್ದಳು, ಇನ್ನೊಂದು ಬೇಕೆಂದು ಕೇಳಿಯೂ ಇದ್ದಳು. ತಾವರಗೇರಿಯ ಹತ್ತಿರ ಬಸ್ಸು ನಿಂತಾಗ ಅವಳಿಗೆ ಬೆವರು ಬಂತು. ಶುಕ್ರವಾರ ಆ ಸ್ಲೈಡಿನಲ್ಲಿ ಕೋಶಗಳನ್ನು ನೋಡಿದ್ದು ಯಾರು? ಎಂ.ಡಿ. ಮಾಡಿದ ಸುಮಂಗಲಾಳೋ, ಸಜ್ಜೆ ಹೊಲದ ನಡುವೆ ಇಳಿದ ಹುಡುಗಿಯೋ? ಕಣ್ಣು ಒಂದೇ ಇತ್ತಲ್ಲ. ಹಾಗೆ ನೋಡಿದರೆ ಇಷ್ಟು ವರ್ಷ ಅವಳು ಬರೆದ ರಿಪೋರ್ಟುಗಳೆಲ್ಲ ಯಾವ ಯಾವ ಕ್ರಾಸಿನಲ್ಲಿ ಇಳಿದ ಮೇಲೆ ಬರೆದವು? ಪಕ್ಕದಲ್ಲಿ ಕೂತ ಮುದುಕಿ, ವಾಂತಿ ಬರತೈತೇನವ್ವ, ಕಿಟಕಿ ಕಡಿ ಕುಂಡ್ರು ಎಂದು ಎದ್ದು ಜಾಗ ಬಿಟ್ಟಳು. ಇಲ್ಲ ಎನ್ನಲಾರದೆ ಸುಮಂಗಲಾ ಕಿಟಕಿಯ ಪಕ್ಕ ಸರಿದು ಕುಷ್ಟಗಿಯವರೆಗೂ ವಾಂತಿ ಬಂದವಳ ಮುಖ ಮಾಡಿಕೊಂಡು ಕೂತಳು.

ಹನುಮಸಾಗರದಲ್ಲಿ ದೊಡ್ಡಪ್ಪನ ಮನೆಯ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಪಡಸಾಲೆಯ ನಡುವೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ದೊಡ್ಡಪ್ಪ, ಮಡಿಸಿದ ಧೋತರ, ಬಿಳಿ ಅಂಗಿ, ಮೀಸೆಗೆ ಎಣ್ಣೆ. ಅವನು ಅಷ್ಟು ಆರೋಗ್ಯವಾಗಿ ಕಂಡದ್ದನ್ನು ಅವಳು ನೋಡಿರಲಿಲ್ಲ. ಪಕ್ಕದ ಕಟ್ಟೆಯ ಮೇಲೆ ಬಾಳೆಹಣ್ಣಿನ ಚಿಪ್ಪುಗಳು, ಬಿಸ್ಕಿಟಿನ ಪೊಟ್ಟಣಗಳು ಸಾಲಾಗಿದ್ದವು. ಜನ ಬರುತ್ತಿದ್ದರು, ಕಣ್ಣೊರೆಸಿಕೊಳ್ಳುತ್ತಿದ್ದರು. ಬಾಗಲಾಗ ನಿಂದರಬ್ಯಾಡ್ರಿ, ಒಳಗ ಸರೀರಿ, ಹಿಂದಿನವರಿಗೆ ಜಾಗ ಬಿಡ್ರಿ ಎಂದು ದೊಡ್ಡಪ್ಪ ತನ್ನನ್ನು ನೋಡಲು ಬಂದವರನ್ನು ತಾನೇ ಒಳಗೆ ತುಂಬಿಸುತ್ತಿದ್ದ. ಅವನ ಕಾಲ ಬಳಿ ಕೂತು ಮೋಸಂಬಿ ಸುಲಿಯುತ್ತಿದ್ದವನನ್ನು ಕಂಡು ಸುಮಂಗಲಾಳಿಗೆ ಗಾಬರಿಯೇ ಆಯಿತು. ಅವನು ಪಂಪಾಪತಿ, ದೊಡ್ಡಮ್ಮನ ತಮ್ಮ. ತನ್ನ ಮಗಳ ಲಗ್ನಪತ್ರಿಕೆಯಲ್ಲಿ ಭಾವನ ಹೆಸರಿನ ಮುಂದೆ ಕಂಡಕ್ಟರ್ ಎಂದು ಹಾಕಿಸುವ ಬದಲು ಡ್ರೈವರ್ ಎಂದು ಹಾಕಿಸಿದ್ದಕ್ಕೆ ದೊಡ್ಡಪ್ಪ ಆ ಮದುವೆಗೆ ಹೋಗಿರಲಿಲ್ಲ, ಆಮೇಲಿನ ಸೀಮಂತಕ್ಕೂ ಹೋಗಿರಲಿಲ್ಲ, ಆ ಕೂಸು ಸಾಲೆಗೆ ಹೋಗುವಷ್ಟಾದರೂ ಪಂಪಾಪತಿಯ ಮುಖ ನೋಡಿರಲಿಲ್ಲ. ಶನಿವಾರ ಸ್ವತಃ ಹೇಳಿಕಳಿಸಿ ಕರೆಸಿದ್ದನಂತೆ. ಕರೆಸಿ, ಎದ್ದು ನಿಂತು, ನಡದದ್ದ ಮರತಬಿಡು ಎಂದು ಅಪ್ಪಿಕೊಂಡನಂತೆ. ನೋಡಿದವರು ಯಾರಿಗೂ ಕಣ್ಣು ಒಣಗಿರಲಿಲ್ಲವಂತೆ. ಇದನ್ನೆಲ್ಲ ಹೇಳಿದವಳು ಕನಕಮ್ಮ. ಮಗಳನ್ನು ಬಾಗಿಲಲ್ಲೇ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗುತ್ತ, ಎಡಕ್ಕೂ ಬಲಕ್ಕೂ ನೋಡುತ್ತ, "ನಮ್ಮ ಸುಮಿನ ಕಂಡ್ ಹಿಡದದ್ದು," ಎಂದು ಹೇಳುತ್ತಿದ್ದಳು. ಜನ ದಾರಿ ಬಿಟ್ಟರು. ಹೋದ ಹಬ್ಬದಲ್ಲಿ ಅರ್ಧ ಡಾಕ್ಟರಿಗೆ ಮೊಣಕಾಲು ತೋರಿಸಿದ್ದ ಹೊಳಿಯಮ್ಮ ಈಗ ಸೆರಗನ್ನು ಮೈತುಂಬ ಎಳೆದುಕೊಂಡು ಗೋಡೆಗೆ ಸರಿದಳು. ಇವಳು ನೋಡಿದರೆ ಒಳಗಿದ್ದದ್ದು ಕಂಡುಬಿಡುತ್ತದೆ ಎಂಬ ಹೆದರಿಕೆ ಅವಳ ಮುಖದಲ್ಲಿತ್ತು. ಅಂಥ ಹೆದರಿಕೆಯನ್ನು ಸುಮಂಗಲಾ ತನ್ನ ಜೀವನದಲ್ಲಿ ಯಾರಲ್ಲೂ ಹುಟ್ಟಿಸಿರಲಿಲ್ಲ. ಒಂದು ಕ್ಷಣ, ಪಡಸಾಲೆ ದಾಟುವಷ್ಟು ಹೊತ್ತು, ಅವಳ ಬೆನ್ನು ತಾನಾಗಿ ನೆಟ್ಟಗಾಯಿತು.

ಒಳಗೆ ಬರ್ರಿ ದೊಡ್ಡಪ್ಪ, ಒಂದು ಮಾತು ಐತಿ ಎಂದಳು. ದೊಡ್ಡಪ್ಪ ಕೈಯೆತ್ತಿ ಜನರನ್ನು ಸುಮ್ಮನಾಗಿಸಿದ. ಏನಿದ್ದರೂ ಇಲ್ಲೇ ಆಗಲಿ, ಇವರೆಲ್ಲ ನಮ್ಮವರು, ಎಷ್ಟು ದಿನ ಅಂತ ಹೇಳ್ರಿ ಡಾಕ್ಟರಮ್ಮಾರ, ಮುಚ್ಚಿ ಇಡಬ್ಯಾಡ್ರಿ ಎಂದ. ಬಸ್ಸಿನಲ್ಲಿ ಜೋಡಿಸಿದ ವಾಕ್ಯ ಅವಳ ತಲೆಯಿಂದ ಎಲ್ಲೋ ಇಳಿದು ಹೋಗಿತ್ತು.

"ಅದು ಕ್ಯಾನ್ಸರ್ ಅಲ್ರಿ ದೊಡ್ಡಪ್ಪ," ಎಂದಳು. "ಸಾದಾ ಗಂಟು."

ಪಂಪಾಪತಿಯ ಕೈಯಲ್ಲಿ ಮೋಸಂಬಿಯ ತೊಳೆ ಹಾಗೇ ನಿಂತಿತು. ಅವಳು ನಿರೀಕ್ಷಿಸಿದ್ದ ನೆಮ್ಮದಿಯ ಉಸಿರು ಯಾರಿಂದಲೂ ಬರಲಿಲ್ಲ. ಸಾದಾ ಅಂದರೆ ಎಂದು ದೊಡ್ಡಪ್ಪ ಕೇಳಿದ, ಯಾರೋ ತನ್ನ ಕುಲ ಕೇಳಿದ ಹಾಗೆ. ಅವಳು ವಿವರಿಸಿದಳು: ಮೂಗಿನ ತುದಿಯಲ್ಲಿರುವಂಥ ಮೆತ್ತನೆಯ ಎಲುಬು, ಸ್ವಲ್ಪ ಕೊಬ್ಬು, ಎಲ್ಲಾ ನಿಮ್ಮ ಮೈಯಾಗಿಂದ, ಜಾಗ ತಪ್ಪಿ ಎದಿಯೊಳಗ ಕೂಡಿ ಬೆಳದಾವ, ಹಂಗ ಇರತಾವ, ಏನೂ ಮಾಡಂಗಿಲ್ಲ. ಏನೂ ಮಾಡಂಗಿಲ್ಲ ಎಂಬ ಮಾತು ಪಡಸಾಲೆಯಲ್ಲಿ ಅವಳಿಗೇ ನಿಂದೆಯ ಹಾಗೆ ಕೇಳಿಸಿತು. ಬಾಗಿಲ ಕಡೆಯ ಒಬ್ಬರಿಬ್ಬರು ಮೆಲ್ಲಗೆ ಚಪ್ಪಲಿ ಹುಡುಕತೊಡಗಿದರು. ಬಾಳೆಹಣ್ಣು ತಂದವನೊಬ್ಬ ಕಟ್ಟೆಯ ಮೇಲೆ ಇಡಲೋ ಬೇಡವೋ ಎಂದು ನಿಂತ.

"ಶುಕ್ರವಾರ ಬ್ಯಾರೇನ ಇತ್ತಲ್ಲ," ಎಂದ ದೊಡ್ಡಪ್ಪ.

"ಶುಕ್ರವಾರ ನಾ ತಪ್ಪ ನೋಡಿದ್ದೆ."

ಹೇಳಿದ ಮೇಲೆ ಅವಳಿಗೆ ಹಗುರವಾಗಬೇಕಾಗಿತ್ತು, ತಪ್ಪೊಪ್ಪಿಕೊಂಡವರಿಗೆ ಹಗುರವಾಗುತ್ತದೆಂದು ಕೇಳಿದ್ದಳು. ದೊಡ್ಡಪ್ಪ ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದ. ಟಿಕೆಟ್ಟಿಲ್ಲದವರ ಮುಖವನ್ನು ಬಸ್ಸಿನ ಬಾಗಿಲಲ್ಲೇ ಗುರುತಿಸುತ್ತೇನೆಂದು ಅವನು ಜಂಬ ಕೊಚ್ಚಿಕೊಳ್ಳುತ್ತಿದ್ದುದು ಸುಳ್ಳಲ್ಲ ಎಂದು ಅವಳಿಗೆ ಅನಿಸಿತು. ಶುಕ್ರವಾರ ತಪ್ಪ ನೋಡಿದಾಕಿ ಇವತ್ತ ಸರಿ ನೋಡೀ ಅಂತ ನಾ ಹ್ಯಾಂಗ ನಂಬಬೇಕು ಎಂದು ಅವನು ಕೇಳಿದ. ಡಾಕ್ಟರಮ್ಮ ಹೋಗಿತ್ತು, ಬಹುವಚನ ಹೋಗಿತ್ತು. ಆದರೆ ಪ್ರಶ್ನೆ ನ್ಯಾಯವಾಗಿತ್ತು; ಅವಳ ಇಡೀ ವಿದ್ಯೆಗೆ ಯಾರಾದರೂ ಕೇಳಬೇಕಾದ ಒಂದೇ ಪ್ರಶ್ನೆ ಅದಾಗಿತ್ತು, ಯಾವ ಪರೀಕ್ಷೆಯಲ್ಲೂ ಅದನ್ನು ಕೇಳಿರಲಿಲ್ಲ. ನಮ್ಮ ಸರ್ ಕೂಡ ನೋಡ್ಯಾರ ಎಂದಳು. ಅಂದರೆ ದೊಡ್ಡ ಡಾಕ್ಟರ್ ಬೇರೆ ಇದ್ದಾರೆ ಎಂದು ಪಂಪಾಪತಿ ಎಲ್ಲರ ಪರವಾಗಿ ತೀರ್ಮಾನ ಮಾಡಿದ.

ಅಷ್ಟಕ್ಕೆ ಮುಗಿಯಲಿಲ್ಲ. ಪಂಪಾಪತಿ ಮೋಸಂಬಿಯನ್ನು ತಟ್ಟೆಯಲ್ಲಿಟ್ಟು, ಭಾವ ಸಾಯತಾನಂದರಂತ ಕೆಲಸ ಬಿಟ್ಟು ಬಂದು ಮೂರು ದಿನದಿಂದ ಕುಂತೀನಿ ಎಂದು ಯಾರಿಗೂ ಅಲ್ಲದ ಹಾಗೆ ಹೇಳಿದ. ದೊಡ್ಡಪ್ಪನಿಗೆ ಅದು ತಾಗಿತು. "ನಾನೂ ಸಾಯತೀನಂತನ ಮಾಫ್ ಮಾಡೀನಿ," ಎಂದ. "ಇಲ್ಲಂದ್ರ ಮಾಡತಿದ್ನೇನು?" ಕೊಟ್ಟ ಕ್ಷಮೆಯನ್ನು ಹಿಂದಕ್ಕೆ ತೆಗೆದುಕೊಳ್ಳುವ ರಿವಾಜು ಇದೆಯೋ ಇಲ್ಲವೋ ಎಂದು ಹಿರಿಯರೊಬ್ಬರು ಗಂಭೀರವಾಗಿ ಯೋಚಿಸತೊಡಗಿದರು. ಡ್ರೈವರ್ ಎಂದು ಹಾಕಿದ್ದು ಪ್ರೆಸ್ಸಿನವನ ತಪ್ಪು ಎಂದ ಪಂಪಾಪತಿ. ಪ್ರೆಸ್ಸಿನವನಿಗೆ ಬರೆದುಕೊಟ್ಟದ್ದು ಯಾರ ಕೈ ಎಂದ ದೊಡ್ಡಪ್ಪ. ಇಬ್ಬರ ಧ್ವನಿಯೂ ಏರಿತು. ಇದರ ನಡುವೆ ದೊಡ್ಡಮ್ಮ ಮುದಕಮ್ಮ ಅಡುಗೆಮನೆಯಿಂದ ಬಂದು ಸುಮಂಗಲಾಳ ಕೆನ್ನೆ ಸವರಿ, ನೆಟಿಕೆ ಮುರಿದು ಅತ್ತಳು. ಇಡೀ ಮನೆಯಲ್ಲಿ ಸುದ್ದಿಯನ್ನು ಒಳ್ಳೆಯದೆಂದು ತೆಗೆದುಕೊಂಡವಳು ಅವಳೊಬ್ಬಳೇ. ಅತ್ತು ಮುಗಿಸಿ ಗಂಡನ ಕಡೆ ತಿರುಗಿದಳು. ಸಾಯುವವನನ್ನು ಬೈಯಬಾರದೆಂದು ಶುಕ್ರವಾರದಿಂದ ತಡೆದಿಟ್ಟದ್ದೆಲ್ಲ ಒಮ್ಮೆಗೇ ಹೊರಗೆ ಬಂತು: ಬೀಡಿ, ಹರ್ನಿಯಾ, ಹಂಚು ಸೋರುವುದು, ಮಂದಿಗೆಲ್ಲ ಚಹಾ ಕಾಸಿ ತನ್ನ ಸೊಂಟ ಮುರಿದದ್ದು. ದೊಡ್ಡಪ್ಪ ಬಾಯಿ ಮುಚ್ಚಿಕೊಂಡು ಕೇಳಿದ. ಅವನು ಬದುಕಿದ್ದಾನೆಂದು ನೆರೆದವರಿಗೆ ಖಾತ್ರಿಯಾದದ್ದು ಆಗಲೇ ಇರಬೇಕು, ಒಬ್ಬೊಬ್ಬರಾಗಿ ಎದ್ದರು.

ಸುಮಂಗಲಾ ಹಿತ್ತಲಿಗೆ ಹೋಗಿ ಮುಖ ತೊಳೆಯುತ್ತಿದ್ದಾಗ ಕನಕಮ್ಮ ಹಿಂದೆ ಬಂದು ನಿಂತಳು. ಭಾವ ಉಳಿದನಲ್ಲ, ಛಲೋ ಆತು ಎಂದಳು. ಆಮೇಲೆ ಮಗಳ ಕೈಗೆ ಟವೆಲು ಕೊಡುತ್ತ, ಯಾರಿಗೂ ಕೇಳಬಾರದೆನ್ನುವ ಹಾಗೆ, "ಇನ್ನೊಂದ ನಾಕ ದಿನ ಬಿಟ್ಟು ಹೇಳಿದ್ರ ಆಗತಿದ್ದಿಲ್ಲೇನ?" ಎಂದು ಕೇಳಿದಳು. ಸುಮಂಗಲಾ ಟವೆಲಿನಲ್ಲಿ ಮುಖ ಮುಚ್ಚಿಕೊಂಡಳು. ಅದೇ ಮಾತನ್ನು ಅವಳು ಕನಕಗಿರಿಗೂ ತಾವರಗೇರಿಗೂ ನಡುವೆ ಎಲ್ಲೋ ತನಗೆ ತಾನೇ ಕೇಳಿಕೊಂಡಿದ್ದಳು, ಅದು ತನ್ನ ಒಬ್ಬಳ ನೀಚತನ ಎಂದುಕೊಂಡಿದ್ದಳು. ಅವ್ವನ ಬಾಯಿಯಲ್ಲಿ ಅದು ನೀಚತನವಾಗಿ ಕೇಳಲಿಲ್ಲ. ಕೈಗೆ ಬಂದ ಪೇಢೆಯನ್ನು ಬಾಯಿಗೆ ಇಡುವ ಮೊದಲೇ ಕಸಿದುಕೊಂಡವರನ್ನು ಕೇಳುವ ಹಾಗಿತ್ತು. ಅವಳಿಗೆ ಟವೆಲಿನ ಒಳಗೆ ನಗೆ ಬಂತು, ನಗುವನ್ನು ಅಳುವೆಂದು ತಿಳಿದು ಅವ್ವ ಬೆನ್ನು ಸವರಿದಳು, ಸವರಿದ್ದಕ್ಕೆ ನಿಜವಾಗಿಯೂ ಅಳು ಬಂತು.

ಹೊರಡುವಾಗ ದೊಡ್ಡಪ್ಪ ಕುರ್ಚಿಯಿಂದ ಏಳಲಿಲ್ಲ. ತಾನು ಯಾರ ಮಾತಿನ ಮೇಲೆಯೂ ಸಾಯುವವನಲ್ಲ, ಯಾರ ಮಾತಿನ ಮೇಲೆಯೂ ಬದುಕುವವನಲ್ಲ, ಗಂಗಾವತಿಗೆ ಬಂದು ತನ್ನ ಕಣ್ಣಿಲೆ ತಾನೇ ನೋಡುತ್ತೇನೆ ಎಂದು ಹೇಳಿದ. ಅದು ಬೆದರಿಕೆಯೋ ಮಾತು ಮುಗಿಸುವ ರೀತಿಯೋ ಅವಳಿಗೆ ತಿಳಿಯಲಿಲ್ಲ.

ಬಂದೇ ಬಂದ. ಅಷ್ಟರಲ್ಲಿ ಸ್ಲೈಡುಗಳು ಹುಬ್ಬಳ್ಳಿಗೆ ಹೋಗಿ ಬಂದಿದ್ದವು. ಪ್ರೊಫೆಸರರು ಫೋನಿನ ಚಿತ್ರವಲ್ಲ, ಗಾಜನ್ನೇ ನೋಡಿ ಅದೇ ಸಾದಾ ಗಂಟು ಎಂದು ಸಹಿ ಹಾಕಿ ಕಳಿಸಿದ್ದರು. ದೊಡ್ಡಪ್ಪನ ಜೊತೆ ಪಂಪಾಪತಿಯೂ ಬಂದಿದ್ದ, ಸಾಕ್ಷಿಯಾಗಿ. ಬಸ್ಸಿನುದ್ದಕ್ಕೂ ಇಬ್ಬರೂ ಲಗ್ನಪತ್ರಿಕೆಯ ಬಗ್ಗೆ ಜಗಳಾಡುತ್ತ ಬಂದದ್ದು ಅವರು ಒಳಗೆ ಕಾಲಿಡುವಾಗಲೂ ನಿಂತಿರಲಿಲ್ಲ, ಮಾತು ಬಿಟ್ಟ ಅಷ್ಟೂ ವರ್ಷಗಳ ಬಾಕಿಯನ್ನು ಆಡಿ ತೀರಿಸುತ್ತಿದ್ದರು. ದೊಡ್ಡ ಡಾಕ್ಟರು ಸಹಿ ಹಾಕಿದ ಕಾಗದವನ್ನು ಸುಮಂಗಲಾ ಮುಂದೆ ಹಿಡಿದಳು. ದೊಡ್ಡಪ್ಪ ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ಅದು ಆತು, ದುರ್ಬೀನು ಎಲ್ಲೈತಿ ಎಂದ. ಅಸ್ಲಮ ಅವಳನ್ನು ನೋಡಿದ. ಅವಳು ತನ್ನ ಕುರ್ಚಿ ಬಿಟ್ಟುಕೊಟ್ಟಳು. ದೊಡ್ಡಪ್ಪ ಕೂತು, ಟೋಪಿ ತೆಗೆದು ತೊಡೆಯ ಮೇಲಿಟ್ಟು, ಬಾವಿಯೊಳಗೆ ಇಣುಕುವವನ ಹಾಗೆ ಉಸಿರು ಬಿಗಿಹಿಡಿದು ಬಗ್ಗಿದ. ಕತ್ತಲ ಐತಿ ಎಂದ. ಕಣ್ಣ ತೆರೀರಿ ಎಂದಳು. ತೆರೆದ. ಕಂಡಿತು ಎಂದು ಪಿಸುಗುಟ್ಟಿದ. ಪಂಪಾಪತಿ ಒಂದು ಹೆಜ್ಜೆ ಮುಂದೆ ಬಂದ.

"ಕಾಲ ಅದಾವ ಅದಕ್ಕ," ಎಂದ ದೊಡ್ಡಪ್ಪ. "ಭಾಳ ಕಾಲ. ಕರೇವು." ಮತ್ತೆ ಸ್ವಲ್ಪ ಹೊತ್ತು ನೋಡಿದ. "ನಾ ಕಣ್ಣ ಪಿಳಕಿಸಿದ್ರ ಅದೂ ಪಿಳಕಸತೈತಿ. ಗುರ್ತ ಹಿಡೀತೈತಿ ನನ್ನ. ನೀ ಹೇಳಿದ್ದು ಖರೇ ಐತಿ ಸುಮಿ, ಇದು ನಂದ."

ಅಸ್ಲಮ ತುಟಿ ಕಚ್ಚಿಕೊಂಡು ಗೋಡೆಯ ಕಡೆ ತಿರುಗಿದ. ದೊಡ್ಡಪ್ಪ ನೋಡುತ್ತಿದ್ದದ್ದು ಗಾಜಿನಲ್ಲಿ ಬಿದ್ದ ಅವನದೇ ಕಣ್ಣ ರೆಪ್ಪೆಗೂದಲುಗಳನ್ನು. ಮೊದಲ ಸಲ ಬಗ್ಗಿದವರೆಲ್ಲ ಅದನ್ನೇ ನೋಡುತ್ತಾರೆ, ಅವಳೂ ಮೊದಲ ವರ್ಷ ಅದನ್ನೇ ನೋಡಿ ಚಿತ್ರ ಬರೆದು ತೋರಿಸಿದ್ದಳು. ಸುಮಂಗಲಾ ಸುಮ್ಮನಿರಬಹುದಿತ್ತು. ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು: ಅವಳು ಹೇಳಿದ್ದು ಖರೆಯಾಗಿತ್ತು, ಸಾಕ್ಷಿಯಿದ್ದ, ಸಂಜೆಯೊಳಗೆ ಹನುಮಸಾಗರದ ಪ್ರತಿ ಕಟ್ಟೆಯ ಮೇಲೂ ಆ ಗಂಟಿಗೆ ಕಾಲುಗಳಿರುತ್ತಿದ್ದವು, ಅವ್ವ ಮತ್ತೆ ತಲೆಯೆತ್ತಿ ಓಡಾಡುತ್ತಿದ್ದಳು. ಶುಕ್ರವಾರವೂ ಅವಳು ಇಷ್ಟೇ ಮಾಡಿದ್ದಳು, ಸುಮ್ಮನಿದ್ದಳು.

"ಅದು ನಿಮ್ಮ ಕಣ್ಣಿನ ರೆಪ್ಪಿರಿ ದೊಡ್ಡಪ್ಪ," ಎಂದಳು. "ಸ್ವಲ್ಪ ಹಿಂದ ಸರೀರಿ. ನಾ ತೋರಸ್ತೀನಿ."

ಪಂಪಾಪತಿಗೆ ನಗೆ ತಡೆಯಲಾಗಲಿಲ್ಲ. ದೊಡ್ಡಪ್ಪನ ಕಿವಿ ಕೆಂಪಾಯಿತು. ಈಗ ಎದ್ದು ಹೋಗುತ್ತಾನೆ ಎಂದುಕೊಂಡಳು. ಅವನು ಹೋಗಲಿಲ್ಲ. ಅವಳು ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ತುಸು ಹಿಂದಕ್ಕೆ ಸರಿಸಿ, ಬೆಳಕು ತಗ್ಗಿಸಿ, ತಿರುಪು ತಿರುಗಿಸಿದಳು. ದೊಡ್ಡಪ್ಪನ ತಲೆ ಇಷ್ಟು ಚಿಕ್ಕದೆಂದು ಅವಳಿಗೆ ಗೊತ್ತಿರಲಿಲ್ಲ. ಕೈಯೊಳಗೆ ಅವನು ಬಿಗಿಹಿಡಿದ ಉಸಿರು ಗೊತ್ತಾಗುತ್ತಿತ್ತು. ಕೆನ್ನೇರಳೆ ಬಣ್ಣದ್ದು ಕಾಣತೈತೇನ್ರಿ ಎಂದು ಕೇಳಿದಳು. ಹೊರಗೆ ಬೆಂಚಿನವರು ಅಸ್ಲಮನನ್ನು ಕರೆದರು, ಅಸ್ಲಮ ಹೋಗಲಿಲ್ಲ. ಎಷ್ಟೋ ಹೊತ್ತಿನ ಮೇಲೆ ದೊಡ್ಡಪ್ಪ, ಕಣ್ಣನ್ನು ಗಾಜಿನಿಂದ ಎತ್ತದೆ, ಇಷ್ಟೇ ಏನು ಎಂದು ಕೇಳಿದ. ಇಷ್ಟೇ ಎಂದಳು.

"ಇಷ್ಟ ನೋಡಿ ಅಷ್ಟ ಹೇಳಿದಿ ನೀ?"

ಅದು ಹೊಗಳಿಕೆಯೋ ಬೈಗುಳವೋ, ಶುಕ್ರವಾರದ್ದಕ್ಕೋ ಸೋಮವಾರದ್ದಕ್ಕೋ, ಅವಳಿಗೆ ಗೊತ್ತಾಗಲಿಲ್ಲ. ಅವನಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಅವನ ಕೈ ತಾನಾಗಿ ತಿರುಪನ್ನು ಹುಡುಕಿ ಹಿಡಿದುಕೊಂಡಿತ್ತು, ಮೆಲ್ಲಗೆ ಅತ್ತ ಇತ್ತ ತಿರುಗಿಸುತ್ತಿತ್ತು, ಸ್ಲೈಡು ಮಸುಕಾಗುತ್ತ ತಿಳಿಯಾಗುತ್ತ ಇರುವುದನ್ನು ಅವಳು ನೋಡದೆಯೇ ಬಲ್ಲವಳಾಗಿದ್ದಳು. ಪಂಪಾಪತಿ ಬೆನ್ನ ಹಿಂದಿನಿಂದ ಬಗ್ಗಿ, ನೋಡಿದ್ದು ಸಾಕು, ಏಳು ಭಾವ, ನಾನೂ ಒಂದೀಟು ನೋಡತೀನಿ ಎಂದ.

"ನೀ ಏನ ನೋಡ್ತಿ," ಎಂದ ದೊಡ್ಡಪ್ಪ, ಮೊಣಕೈಯಿಂದ ಅವನನ್ನು ತಡೆಯುತ್ತ. "ನಿಂದಲ್ಲ ಇದು."